ಬೆನ್ನಿಗೆ ಚುಚ್ಚಿದ ಸೂಜಿ, ತಲೆಯಲ್ಲಿ ಉಳಿದ ಮಾತು

“ಸಿಸೇರಿಯನ್ ಟೈಮಲ್ಲಿ ಬೆನ್ನಿಗೆ ಇಂಜೆಕ್ಷನ್ ಕೊಟ್ರಲ್ಲ, ಅವತ್ತಿಂದ ಹಿಡ್ಕೊಂಡಿದ್ದು ಈ ಸೊಂಟನೋವು.” ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ, ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ರೇಷ್ಮೆಹುಳು ಸಾಕುವವರ ಅಂಗಳಗಳಲ್ಲಿ, ಹೊಸಕೋಟೆಯಿಂದ ಬೆಳಿಗ್ಗೆ ಹೊರಡುವ ಬಸ್ಸುಗಳ ಹೆಂಗಸರ ಸೀಟುಗಳಲ್ಲಿ ಈ ಮಾತು ಎಷ್ಟು ಸಲೀಸಾಗಿ ಬರುತ್ತದೆಂದರೆ, ಅದನ್ನು ಯಾರೂ ಪ್ರಶ್ನಿಸುವುದೇ ಇಲ್ಲ. ಮಗು ಆಗಲೇ ಪಿಯುಸಿ ಓದುತ್ತಿರುತ್ತದೆ. ಸೂಜಿ ಚುಚ್ಚಿದ ಜಾಗ ಮಾತ್ರ ಅಮ್ಮನನ್ನು ಬಿಟ್ಟಿರುವುದಿಲ್ಲ.

ಸೂಜಿಯ ವಿಚಾರವನ್ನು ಮೊದಲು ಮುಗಿಸಿಬಿಡಬಹುದು. ವಯಸ್ಕರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೇ ಕಶೇರುಕದ ಬಳಿಯೇ ಮುಗಿಯುತ್ತದೆ. ಅರಿವಳಿಕೆಯ ತೆಳು ಸೂಜಿ ಹೋಗುವುದು ಅದಕ್ಕಿಂತ ಕೆಳಗೆ, ನರಗಳ ಸುತ್ತಲಿನ ದ್ರವದೊಳಕ್ಕೆ. ಔಷಧದ ಪ್ರಭಾವ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಕೆಲವರಿಗೆ ಒಂದಷ್ಟು ದಿನ ತಲೆನೋವೂ ಕಾಡಬಹುದು. ಆದರೆ ವರ್ಷಗಟ್ಟಲೆ ಸೊಂಟ ಹಿಡಿದುಕೊಳ್ಳುವುದಕ್ಕೂ ಇದಕ್ಕೂ ಸಂಬಂಧವಿದೆಯೇ? ಇಂಗ್ಲೆಂಡಿನಲ್ಲಿ 369 ಗರ್ಭಿಣಿಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹೆರಿಗೆ ನೋವು ತಡೆಯಲು ಬೆನ್ನಿಗೆ ಎಪಿಡ್ಯೂರಲ್, ಇನ್ನೊಂದಕ್ಕೆ ಬೇರೆ ಬಗೆಯ ಉಪಶಮನ ಎಂದು ಗೊತ್ತುಮಾಡಿದರು. ಎಪಿಡ್ಯೂರಲ್‌ಗೆ ಬಳಸುವ ಸೂಜಿ ಸಿಸೇರಿಯನ್ನಿನ ಸೂಜಿಗಿಂತ ದಪ್ಪ. ಎರಡು ವರ್ಷ ದಾಟಿದ ಮೇಲೆ ವಿಚಾರಿಸಿದಾಗ ಬೆನ್ನುನೋವಿನಲ್ಲಿ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಇದನ್ನು ಪ್ರಕಟಿಸಿತು. ಬಸುರಿನಲ್ಲಿ ಸಡಿಲಗೊಂಡ ಅಸ್ಥಿರಜ್ಜುಗಳು, ಸೋತ ಹೊಟ್ಟೆಯ ಸ್ನಾಯುಗಳು, ನಿದ್ದೆಗೆಟ್ಟ ರಾತ್ರಿಗಳು, ಬಗ್ಗಿ ಬಗ್ಗಿ ಮಗುವನ್ನು ಎತ್ತಿಕೊಳ್ಳುವುದು, ಇವು ಇಂಜೆಕ್ಷನ್ ತೆಗೆದುಕೊಂಡವರಿಗೂ ಇವೆ, ತೆಗೆದುಕೊಳ್ಳದವರಿಗೂ ಇವೆ.

ಹಾಗಾದರೆ ಆ ತಾಯಿ ಸುಳ್ಳು ಹೇಳುತ್ತಿದ್ದಾಳೆಯೇ? ಖಂಡಿತ ಇಲ್ಲ. ಅವಳ ನೋವು ನಿಜ, ಅದಕ್ಕೆ ಅವಳು ಕೊಟ್ಟುಕೊಂಡಿರುವ ಕಾರಣವಷ್ಟೇ ತಪ್ಪು. ವೈದ್ಯವಿಜ್ಞಾನ ಈಚೆಗೆ ಗಂಭೀರವಾಗಿ ಎತ್ತಿಕೊಂಡಿರುವ ಪ್ರಶ್ನೆ ಇದು: ಹೇಗೂ ನೋಯುತ್ತಿದೆ, ಕಾರಣ ಯಾವುದಾದರೇನು ಎಂದು ಬಿಟ್ಟುಬಿಡಬಹುದೇ, ಅಥವಾ ಆ ತಪ್ಪು ಕಾರಣವೇ ನೋವನ್ನು ಸಾಕುತ್ತಿದೆಯೇ?

1944ರಲ್ಲಿ ಇಟಲಿಯ ಆಂಜಿಯೋ ಕಡಲತೀರದಲ್ಲಿ ಅಮೆರಿಕದ ಸೇನಾ ವೈದ್ಯ ಹೆನ್ರಿ ಬೀಚರ್‌ಗೆ ಒಂದು ವಿಚಿತ್ರ ಎದುರಾಯಿತು. ಮೈತುಂಬ ಗಾಯವಾಗಿ ಬಂದ ಸೈನಿಕರನ್ನು ನೋವಿಗೆ ಔಷಧ ಬೇಕೇ ಎಂದು ಕೇಳಿದರೆ, ನಾಲ್ವರಲ್ಲಿ ಮೂವರು ಬೇಡವೆನ್ನುತ್ತಿದ್ದರು. ಯುದ್ಧ ಮುಗಿದ ಮೇಲೆ ಅಷ್ಟೇ ಅಥವಾ ಅದಕ್ಕಿಂತ ಕಡಿಮೆ ಗಾಯದ ಶಸ್ತ್ರಚಿಕಿತ್ಸೆಗೆ ಒಳಗಾದ ನಾಗರಿಕರಲ್ಲಿ ಬಹುಪಾಲು ಜನ ಮಾರ್ಫಿನ್ ಕೇಳಿದರು. ಸೈನಿಕನಿಗೆ ಆ ಗಾಯ ಜೀವಂತ ಮನೆಗೆ ಮರಳುವ ರಹದಾರಿ, ನಾಗರಿಕನಿಗೆ ಅದು ಬದುಕಿಗೆ ಬಂದ ಆಪತ್ತು ಎಂದು ಬೀಚರ್ ಅರ್ಥೈಸಿದರು. ಇದರ ತಿರುವುಮುರುವಾದ ಪ್ರಸಂಗ 1995ರ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿದೆ. 29 ವರ್ಷದ ಕಟ್ಟಡ ಕಾರ್ಮಿಕನೊಬ್ಬ 15 ಸೆಂಟಿಮೀಟರ್ ಮೊಳೆಯ ಮೇಲೆ ಜಿಗಿದ. ಮೊಳೆ ಬೂಟನ್ನು ತೂರಿ ಮೇಲೆ ಬಂದಿತ್ತು. ಅದು ಚೂರು ಅಲುಗಿದರೂ ಆತನಿಗೆ ನೋವಾಗುತ್ತಿತ್ತು, ಮತ್ತಿನ ಔಷಧ ಕೊಟ್ಟೇ ಬೂಟು ಬಿಚ್ಚಬೇಕಾಯಿತು. ಬಿಚ್ಚಿ ನೋಡಿದರೆ ಮೊಳೆ ಎರಡು ಬೆರಳುಗಳ ಸಂದಿಯಲ್ಲಿ ಹಾದುಹೋಗಿತ್ತು. ಪಾದಕ್ಕೆ ಗೀರೂ ಆಗಿರಲಿಲ್ಲ.

ಚರ್ಮದಲ್ಲಿ, ಕೀಲುಗಳಲ್ಲಿ, ಸ್ನಾಯುಗಳಲ್ಲಿ ಇರುವ ನರತುದಿಗಳು ಮೆದುಳಿಗೆ ಕಳಿಸುವುದು ನೋವನ್ನಲ್ಲ, ಅಪಾಯದ ಸೂಚನೆಯನ್ನು. ಆ ಸೂಚನೆಯನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕು ಎಂಬುದು ಹಳೆಯ ಅನುಭವ, ಭಯ, ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು ಎಲ್ಲವನ್ನೂ ಸೇರಿಸಿ ತೀರ್ಮಾನವಾಗುತ್ತದೆ. ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲೇ ಬೆನ್ನುಹುರಿಯಲ್ಲೊಂದು ‘ಗೇಟು’ ಇದೆ, ಮೆದುಳು ಮೇಲಿನಿಂದಲೇ ಅದನ್ನು ಹಿಗ್ಗಿಸಿ ಕುಗ್ಗಿಸಬಲ್ಲದು ಎಂದು ವಾದಿಸಿದ್ದರು. 1978ರಲ್ಲಿ ಹಲ್ಲು ಕೀಳಿಸಿಕೊಂಡವರ ಮೇಲೆ ನಡೆದ ಪ್ರಯೋಗ ಇನ್ನೂ ಬೆರಗಿನದು. ಹುಸಿ ಔಷಧದಿಂದ ಕೆಲವರ ನೋವು ಇಳಿದಿತ್ತು. ಅವರಿಗೆ ಅಫೀಮಿನ ಪರಿಣಾಮ ತಡೆಯುವ ನಲಾಕ್ಸೋನ್ ಕೊಟ್ಟಾಗ ನೋವು ಮತ್ತೆ ಏರಿತು. ಅಂದರೆ ‘ಔಷಧ ಬಿತ್ತು’ ಎಂಬ ನಂಬಿಕೆಗೆ ಮೆದುಳು ತನ್ನದೇ ಅಫೀಮಿನಂಥ ರಾಸಾಯನಿಕಗಳನ್ನು ಬಿಡುಗಡೆ ಮಾಡಿತ್ತು.

ಮಾತಿಗೆ ಇನ್ನೊಂದು ಮುಖವೂ ಇದೆ. ಜರ್ಮನಿಯ ಉಲ್ರಿಕೆ ಬಿಂಗೆಲ್ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆರೋಗ್ಯವಂತ ಸ್ವಯಂಸೇವಕರ ಕಾಲಿಗೆ ಬಿಸಿ ಮುಟ್ಟಿಸುತ್ತ, ಡ್ರಿಪ್ಪಿನಲ್ಲಿ ಪ್ರಬಲ ನೋವುನಿವಾರಕವನ್ನು ಒಂದೇ ಪ್ರಮಾಣದಲ್ಲಿ ಹರಿಸಲಾಯಿತು. “ಈಗ ಔಷಧ ಶುರುಮಾಡುತ್ತಿದ್ದೇವೆ” ಎಂದು ಹೇಳಿದಾಗ ಅದರ ಪ್ರಯೋಜನ ದುಪ್ಪಟ್ಟಾಯಿತು. “ಈಗ ನಿಲ್ಲಿಸಿದ್ದೇವೆ, ನೋವು ಹೆಚ್ಚಬಹುದು” ಎಂದಾಗ, ಔಷಧ ಹರಿಯುತ್ತಲೇ ಇದ್ದರೂ ಪ್ರಯೋಜನ ಅಳಿಸಿಹೋಯಿತು.

ಇವೆಲ್ಲ ನಿಮಿಷಗಳ, ಗಂಟೆಗಳ ಮಾತು. ಮೂರು ತಿಂಗಳು ಮೀರಿದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಅಷ್ಟರೊಳಗೆ ಉಳುಕಿದ ಸ್ನಾಯು, ಹರಿದ ಅಂಗಾಂಶ ಬಹುತೇಕ ವಾಸಿಯಾಗಿರುತ್ತವೆ. ಆದರೂ ನೋವು ನಿಲ್ಲದಿದ್ದರೆ, ಅನೇಕರಲ್ಲಿ ಅದಕ್ಕೆ ಕಾರಣ ಎಚ್ಚರಿಕೆಯ ವ್ಯವಸ್ಥೆಯೇ ಸೂಕ್ಷ್ಮವಾಗಿಬಿಟ್ಟಿರುವುದು. ಒಮ್ಮೆ ಕಳ್ಳನನ್ನು ಕಂಡ ತೋಟದ ನಾಯಿ ಆಮೇಲೆ ತೆಂಗಿನ ಗರಿ ಬಿದ್ದರೂ ಊರೆಲ್ಲ ಏಳುವಂತೆ ಬೊಗಳುತ್ತದಲ್ಲ, ಹಾಗೆ. ಬೆನ್ನುಹುರಿಯ ನರಕೋಶಗಳು ಹೀಗೆ ಅತಿಸೂಕ್ಷ್ಮವಾಗುವುದನ್ನು ಕ್ಲಿಫರ್ಡ್ ವೂಲ್ಫ್ 1983ರಲ್ಲಿ ಪ್ರಯೋಗಶಾಲೆಯಲ್ಲಿ ತೋರಿಸಿಕೊಟ್ಟರು. ಶಿಕಾಗೋದ ವಾನಿಯಾ ಅಪ್ಕಾರಿಯನ್ ಅವರ ತಂಡ ಹೊಸದಾಗಿ ಬೆನ್ನುನೋವು ಬಂದವರ ಮೆದುಳನ್ನು ಒಂದು ವರ್ಷ ಸ್ಕ್ಯಾನ್ ಮಾಡುತ್ತ ಹೋಯಿತು. ನೋವು ಉಳಿದುಬಿಟ್ಟವರಲ್ಲಿ ಅದಕ್ಕೆ ಸಂಬಂಧಿಸಿದ ಚಟುವಟಿಕೆ ಕ್ರಮೇಣ ಭಾವನೆ, ಭಯಗಳನ್ನು ನಿಭಾಯಿಸುವ ಭಾಗಗಳತ್ತ ಸರಿಯಿತು. ಅನುಭವಿಸುವವರಿಗೆ ಮೊದಲನೇ ವಾರದ ನೋವೂ ಹತ್ತನೇ ವರ್ಷದ ನೋವೂ ಒಂದೇ. ಮೆದುಳಿಗೆ ಅವು ಒಂದೇ ಅಲ್ಲ.

ಇಲ್ಲಿಗೆ ಬರುತ್ತದೆ ಸ್ಕ್ಯಾನ್. ನೆಲಮಂಗಲದ ಗೋದಾಮುಗಳಲ್ಲಿ ಮೂಟೆ ಇಳಿಸುವ ಯುವಕನಿಗೆ ಸೊಂಟ ಹಿಡಿಯುತ್ತದೆ, ನೋವು ಇಳಿಯುವುದಿಲ್ಲ, ಬೆಂಗಳೂರಿಗೆ ಹೋಗಿ ಎಂಆರ್‌ಐ ಮಾಡಿಸುತ್ತಾನೆ. ವರದಿಯಲ್ಲಿ ಡಿಸ್ಕ್ ಉಬ್ಬಿದೆ, ಸವೆದಿದೆ, ಒಣಗಿದೆ ಎಂದು ಸಾಲುಸಾಲು ಬರೆದಿರುತ್ತದೆ. ಮನೆಗೆ ಬರುವಷ್ಟರಲ್ಲಿ ಅದು “ಬೆನ್ನುಮೂಳೆ ಸವೆದೋಗಿದೆಯಂತೆ”, “ಗ್ಯಾಪ್ ಬಂದಿದೆಯಂತೆ” ಎಂದಾಗಿರುತ್ತದೆ. ಇನ್ನು ಬಗ್ಗಬೇಡ, ಭಾರ ಎತ್ತಬೇಡ, ನೆಲದ ಮೇಲೆ ಕೂರಬೇಡ. ಬಗ್ಗದೆ, ಎತ್ತದೆ ಮಾಡಬಹುದಾದ ಕೆಲಸ ಆ ಹುಡುಗನಿಗೆ ಎಲ್ಲಿದೆ ಎಂದು ಮಾತ್ರ ಯಾರೂ ಹೇಳುವುದಿಲ್ಲ.

ಆ ವರದಿಯಲ್ಲಿ ಇರಬೇಕಾಗಿದ್ದು, ಆದರೆ ಸಾಮಾನ್ಯವಾಗಿ ಇಲ್ಲದಿರುವುದು ಒಂದು ಲೆಕ್ಕ. ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳ ಮೇಲೆ ನಡೆದ 33 ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಲಾಯಿತು. ಇಪ್ಪತ್ತರ ಹರೆಯದವರಲ್ಲೇ ಶೇ. 37 ಮಂದಿಗೆ ಡಿಸ್ಕ್ ಸವೆತ, ಶೇ. 30 ಮಂದಿಗೆ ಡಿಸ್ಕ್ ಉಬ್ಬು. ಎಂಬತ್ತರ ವಯಸ್ಸಿನವರಲ್ಲಿ ಸವೆತ ಶೇ. 96ಕ್ಕೆ ಮುಟ್ಟಿತ್ತು. ಇವರಲ್ಲಿ ಒಬ್ಬರಿಗೂ ನೋವಿರಲಿಲ್ಲ! ತಲೆಗೂದಲು ನರೆತದ್ದನ್ನು ಯಾರೂ ರೋಗವೆಂದು ಬರೆದುಕೊಡುವುದಿಲ್ಲ, ಡಿಸ್ಕಿಗೆ ಮಾತ್ರ ಆ ರಿಯಾಯಿತಿ ಸಿಕ್ಕಿಲ್ಲ.

ವರದಿಯ ಭಾಷೆಯೇ ನೋವನ್ನು ಬೆಳೆಸುತ್ತದೆಯೇ ಎಂದು ಪರೀಕ್ಷಿಸಿ ನೋಡಿದವರು ನಮ್ಮ ನೆರೆಯ ಕೊಯಮತ್ತೂರಿನಲ್ಲೇ ಇದ್ದಾರೆ. ಗಂಗಾ ಆಸ್ಪತ್ರೆಯ ಬೆನ್ನುಮೂಳೆ ಶಸ್ತ್ರಚಿಕಿತ್ಸಕ ಎಸ್. ರಾಜಶೇಖರನ್ ಮತ್ತು ಸಂಗಡಿಗರು ಬೆನ್ನುನೋವಿನ 44 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂಆರ್‌ಐ ವರದಿಯಲ್ಲಿ ಇದ್ದುದನ್ನೆಲ್ಲ ಇದ್ದಂತೆಯೇ ವಿವರಿಸಿದರು. ಇನ್ನೊಂದು ಗುಂಪಿಗೆ, ಗಾಬರಿಯಾಗುವಂಥದ್ದು ಏನೂ ಇಲ್ಲ, ಇವೆಲ್ಲ ವಯಸ್ಸಿಗೆ ತಕ್ಕ ಸಹಜ ಬದಲಾವಣೆಗಳು ಎಂದು ಧೈರ್ಯ ಹೇಳಿದರು. ಚಿಕಿತ್ಸೆ ಇಬ್ಬರಿಗೂ ಒಂದೇ. ಆರು ವಾರ ಕಳೆದಾಗ ಮೊದಲ ಗುಂಪಿನವರು ತಮ್ಮ ಬೆನ್ನು ಕೆಟ್ಟುಹೋಗಿದೆಯೆಂಬ ಚಿಂತೆಯಲ್ಲಿ ಹೆಚ್ಚು ಮುಳುಗಿದ್ದರು. ಅವರ ನೋವೂ ಅಷ್ಟಾಗಿ ಇಳಿದಿರಲಿಲ್ಲ, ಓಡಾಟವೂ ಸುಧಾರಿಸಿರಲಿಲ್ಲ. 2021ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು, ನಿಜ. ಆದರೆ ಕೊಡಲಾದ ‘ಔಷಧ’ದ ಖರ್ಚು ನಾಲ್ಕು ವಾಕ್ಯ ಎಂಬುದನ್ನು ಮರೆಯುವಂತಿಲ್ಲ.

ಇದನ್ನೇ ಪೂರ್ಣ ಪ್ರಮಾಣದ ಚಿಕಿತ್ಸೆಯಾಗಿ ಬೆಳೆಸಿ ನೋಡಿದ್ದು ಅಮೆರಿಕದ ಕೊಲರಾಡೋ ರಾಜ್ಯದ ಬೋಲ್ಡರ್‌ನಲ್ಲಿ. ಯೋನಿ ಅಶರ್, ಟಾರ್ ವೇಜರ್ ಮತ್ತು ತಂಡ ಸರಾಸರಿ ಹತ್ತು ವರ್ಷಗಳಿಂದ ಬೆನ್ನುನೋವು ಅನುಭವಿಸುತ್ತಿದ್ದ 151 ಜನರನ್ನು ಮೂರು ಗುಂಪು ಮಾಡಿತು. ಐವತ್ತು ಜನರಿಗೆ ವೈದ್ಯರ ಜೊತೆ ಒಂದು ಸುದೀರ್ಘ ಸಮಾಲೋಚನೆ, ನಂತರ ನಾಲ್ಕು ವಾರಗಳಲ್ಲಿ ಎಂಟು ಬೈಠಕ್. ಅಲ್ಲಿ ನಡೆಯುತ್ತಿದ್ದುದು ಉಪದೇಶವಲ್ಲ, ಒಂದು ಬಗೆಯ ಪತ್ತೇದಾರಿ. ನೋವು ದಿನಕ್ಕೊಂದು ಜಾಗಕ್ಕೆ ಸರಿಯುತ್ತದೆಯೇ? ಕಚೇರಿಯ ಕುರ್ಚಿಯಲ್ಲಿ ಬರುವ ನೋವು ಸ್ನೇಹಿತರ ಮನೆಯ ಕುರ್ಚಿಯಲ್ಲಿ ಬರುವುದಿಲ್ಲವೇ? ಜಗಳವಾದ ದಿನ ಹೆಚ್ಚುತ್ತದೆಯೇ? ಮುರಿದ ಮೂಳೆ ಹೀಗೆ ಆರಿಸಿಕೊಂಡು ನೋಯುವುದಿಲ್ಲ. ಆಮೇಲೆ ಹೆದರಿ ಬಿಟ್ಟಿದ್ದ ಚಲನೆಗಳನ್ನು ಮಾಡುತ್ತ, ಬಂದ ನೋವನ್ನು ‘ಇದು ಅಪಾಯವಲ್ಲ’ ಎಂದು ಗಮನಿಸುವ ಅಭ್ಯಾಸ. ಎರಡನೇ ಗುಂಪಿಗೆ ಬೆನ್ನಿಗೆ ಉಪ್ಪುನೀರಿನ ಇಂಜೆಕ್ಷನ್, ಅದು ಹುಸಿ ಔಷಧವೆಂದು ತಿಳಿಸಿಯೇ ಕೊಟ್ಟದ್ದು. ಮೂರನೆಯವರಿಗೆ ಎಂದಿನ ಚಿಕಿತ್ಸೆ. ಕೊನೆಯಲ್ಲಿ ಮೊದಲ ಗುಂಪಿನ 50ರಲ್ಲಿ 33 ಮಂದಿ ನೋವಿಲ್ಲದ ಅಥವಾ ಇಲ್ಲವೆನ್ನುವಷ್ಟು ಕಡಿಮೆಯಾದ ಸ್ಥಿತಿಗೆ ಬಂದಿದ್ದರು. ಎಂದಿನ ಚಿಕಿತ್ಸೆಯಲ್ಲಿ ಹಾಗೆ ಬಂದವರು ಶೇ. 10. ಉಪ್ಪುನೀರಿನಲ್ಲಿ ಶೇ. 20, ಅಂದರೆ ಬೆನ್ನಿಗೆ ಚುಚ್ಚಿದ ಸೂಜಿಯಿಂದ ನೋವು ಹೋದವರೂ ಇದ್ದಾರೆ ಎಂದಾಯಿತು, ನಮ್ಮ ತಾಯಂದಿರು ದಯವಿಟ್ಟು ಗಮನಿಸಬೇಕು. ವರ್ಷ ಕಳೆದರೂ ಫಲಿತಾಂಶ ಬಹುಪಾಲು ಉಳಿದಿತ್ತು.

ಅದೇ ತಂಡ 2023ರಲ್ಲಿ ಇನ್ನೊಂದು ಲೆಕ್ಕ ಪ್ರಕಟಿಸಿತು. ‘ನಿಮ್ಮ ನೋವಿಗೆ ಕಾರಣವೇನು?’ ಎಂಬ ಪ್ರಶ್ನೆಗೆ ಚಿಕಿತ್ಸೆಗೆ ಮೊದಲು ಬಂದ ಉತ್ತರಗಳಲ್ಲಿ ಮನಸ್ಸು ಅಥವಾ ಮೆದುಳಿನ ಪ್ರಸ್ತಾಪ ಇದ್ದದ್ದು ಶೇ. 10ರಷ್ಟು, ನಂತರ ಅದು ಶೇ. 51ಕ್ಕೆ ಏರಿತು. ಕಾರಣದ ಬಗೆಗಿನ ನಂಬಿಕೆ ಹೆಚ್ಚು ಬದಲಾದವರಲ್ಲೇ ನೋವೂ ಹೆಚ್ಚು ಇಳಿದಿತ್ತು.

ಇಲ್ಲಿ ಸ್ವಲ್ಪ ತಡೆದು ನೋಡಬೇಕು. ಬೋಲ್ಡರ್‌ನ ಜನ ಬಹುಪಾಲು ಓದಿದವರು, ದೈಹಿಕವಾಗಿ ಚಟುವಟಿಕೆಯಿಂದಿದ್ದವರು, ಅವರ ನೋವು ಹತ್ತಕ್ಕೆ ನಾಲ್ಕರಷ್ಟು. ದೊಡ್ಡಬಳ್ಳಾಪುರದ ಪವರ್‌ಲೂಮ್ ಸದ್ದಿನ ನಡುವೆ ದಿನವಿಡೀ ನಿಂತು ಹರಿದ ಎಳೆ ಕಟ್ಟುವವರ, ಅಪ್ಯಾರೆಲ್ ಪಾರ್ಕಿನ ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿ ಕೂತವರ ಕಥೆ ಬೇರೆ. ಅವರ ನೋವಿನಲ್ಲಿ ದುಡಿಮೆಯ ಪಾಲು ದೊಡ್ಡದು. ಒರಗುವ ಕುರ್ಚಿ ಕೊಡದ, ಶೌಚಾಲಯಕ್ಕೆ ಎದ್ದುಹೋದರೆ ಗದರುವ ಮಾಲೀಕರು ‘ನೋವೆಲ್ಲ ಮೆದುಳಿನಲ್ಲಿದೆಯಂತೆ’ ಎಂದು ಈ ವಿಜ್ಞಾನವನ್ನು ಗುರಾಣಿ ಮಾಡಿಕೊಂಡರೆ ಅದರಷ್ಟು ಅನ್ಯಾಯ ಇನ್ನೊಂದಿಲ್ಲ. ನಂಬಿಕೆ ಬದಲಿಸುವ ಕೆಲಸ, ಕೆಲಸದ ಜಾಗವನ್ನು ಬದಲಿಸುವ ಕೆಲಸಕ್ಕೆ ಪರ್ಯಾಯವಲ್ಲ.

ಇನ್ನೊಂದು ತೊಡಕು ಇದಕ್ಕಿಂತ ಆಳವಾದದ್ದು, ಅದರ ಬಗ್ಗೆ ಒಳ್ಳೆಯ ಅಧ್ಯಯನ ನಡೆದಿರುವುದು ನಮ್ಮ ನಿಮ್ಹಾನ್ಸ್‌ನಲ್ಲೇ. ಆರ್. ರಘುರಾಮ್, ಎಸ್.ಎಂ. ಚನ್ನಬಸವಣ್ಣ ಹಾಗೂ ವಿದೇಶದ ಇಬ್ಬರು ಸಹೋದ್ಯೋಗಿಗಳು ಅಲ್ಲಿನ ಹೊರರೋಗಿ ವಿಭಾಗಕ್ಕೆ ಬಂದ 80 ಜನರನ್ನು ಕೂರಿಸಿಕೊಂಡು ಮಾತಾಡಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಖಿನ್ನತೆಯ ಲಕ್ಷಣಗಳು ಹೆಚ್ಚಿದಷ್ಟೂ ರೋಗಿಗೆ ಕಳಂಕದ ಭಾವ ಹೆಚ್ಚುತ್ತಿತ್ತು, ಮೈಕೈ ನೋವಿನಂಥ ದೈಹಿಕ ಲಕ್ಷಣಗಳು ಹೆಚ್ಚಿದ್ದವರಲ್ಲಿ ಕಳಂಕದ ಭಾವ ಕಡಿಮೆಯಿತ್ತು. ಮೈನೋವು ಎಲ್ಲರಿಗೂ ಬರುತ್ತದೆ, ಹೇಳಿಕೊಂಡರೆ ಮಾನ ಹೋಗುವುದಿಲ್ಲ. ಮನಸ್ಸು ಕುಗ್ಗಿದೆ ಎಂದು ಬಾಯಿಬಿಟ್ಟರೆ ಮನೆಯ ಮದುವೆಗಳ ಮೇಲೂ ಅದರ ನೆರಳು ಬೀಳುತ್ತದೆ. ಆ ಭಯ ಬಿಟ್ಟು ಲಕ್ಷಣಗಳನ್ನಷ್ಟೇ ನೋಡುವಂತಿಲ್ಲ, ಏಕೆಂದರೆ ಬಿಡದ ನೋವೂ ಕುಗ್ಗಿದ ಮನಸ್ಸೂ ಹಲವೊಮ್ಮೆ ಜೊತೆಗೇ ಇರುತ್ತವೆ. 1990ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 14 ದೇಶಗಳ 15 ಕೇಂದ್ರಗಳಲ್ಲಿ ಸಾಮಾನ್ಯ ವೈದ್ಯರ ಬಳಿ ಬರುವವರನ್ನು ಸಮೀಕ್ಷೆ ಮಾಡಿತ್ತು, ಅವುಗಳಲ್ಲಿ ಬೆಂಗಳೂರೂ ಒಂದು. ಒಟ್ಟು ಶೇ. 22ರಷ್ಟು ಜನರಿಗೆ ಬಿಡದ ನೋವಿತ್ತು, ಅಂಥವರಲ್ಲಿ ಆತಂಕ ಅಥವಾ ಖಿನ್ನತೆ ಇರುವ ಸಾಧ್ಯತೆ ಉಳಿದವರಿಗಿಂತ ನಾಲ್ಕು ಪಟ್ಟು.

ಹೀಗಿರುವಾಗ ಸೊಂಟನೋವೆಂದು ಬಂದ ಹೆಂಗಸಿಗೆ ವೈದ್ಯರು ಅವಸರದಲ್ಲಿ “ನಿಮಗೇನೂ ಇಲ್ಲಮ್ಮ, ಎಲ್ಲಾ ಟೆನ್ಷನ್ನು” ಎಂದರೆ ಆಕೆಗೆ ಕೇಳಿಸುವುದು ಎರಡು ಅವಮಾನ: ನೀನು ನಾಟಕ ಮಾಡುತ್ತಿದ್ದೀಯ, ಅಥವಾ ನಿನಗೆ ತಲೆ ಸರಿಯಿಲ್ಲ. ಮುಂದಿನ ವಾರ ಆಕೆ ಬೇರೆ ಕ್ಲಿನಿಕ್ಕಿನಲ್ಲಿ ನೋವಿನ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಿರುತ್ತಾಳೆ. ಅಂತಾರಾಷ್ಟ್ರೀಯ ನೋವು ಅಧ್ಯಯನ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ವ್ಯಕ್ತಿ ತನಗೆ ನೋವಿದೆ ಎಂದು ಹೇಳಿದರೆ ಆ ಮಾತನ್ನು ಗೌರವಿಸಬೇಕು ಎಂದು ಪ್ರತ್ಯೇಕವಾಗಿ ಸೇರಿಸಿತು. ಹೊಸ ವಿವರಣೆ ಫಲಿಸಬೇಕಾದರೆ ಅಲ್ಲಿಂದಲೇ ಆರಂಭವಾಗಬೇಕು: ನಿಮ್ಮ ನೋವು ನಿಜ, ನಿಮ್ಮ ಬೆನ್ನು ಗಟ್ಟಿಯಾಗಿದೆ, ಎಚ್ಚರಿಕೆ ಕೊಡುವ ನರಗಳು ಅತಿಯಾಗಿ ಹೆದರಿವೆ. ಈ ಮೂರನ್ನೂ ಹೇಳಲು ಹತ್ತು ನಿಮಿಷವಾದರೂ ಬೇಕು. ಹೊರಗೆ ಎಂಬತ್ತು ಜನ ಕಾಯುತ್ತಿರುವ ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ಆ ಹತ್ತು ನಿಮಿಷ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಯೂ ನ್ಯಾಯವಾದದ್ದೇ.

ವೈದ್ಯರೇ ಎಲ್ಲ ಹೇಳಬೇಕೆಂದೇನೂ ಇಲ್ಲ. ಆಸ್ಟ್ರೇಲಿಯಾದಲ್ಲಿ 20 ಕ್ಲಿನಿಕ್ಕುಗಳ 492 ಜನರ ಮೇಲೆ ನಡೆದು 2023ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಪ್ರಯೋಗದಲ್ಲಿ ಇಂಥದೇ ಚಿಕಿತ್ಸೆ ಕೊಟ್ಟವರು ತರಬೇತಿ ಪಡೆದ ಫಿಸಿಯೋಥೆರಪಿಸ್ಟರು. ಬಗ್ಗಲು ಹೆದರುವವರನ್ನು ನಿಧಾನವಾಗಿ ಬಗ್ಗಿಸುತ್ತ, ಜೊತೆಗೇ ವಿವರಿಸುತ್ತ ಹೋದರು. ಒಂದು ವರ್ಷದ ನಂತರವೂ ಅನುಕೂಲ ಉಳಿದಿತ್ತು. ಅದಕ್ಕೂ ಹಿಂದೆ, 1997ರಿಂದ, ಅಲ್ಲಿನ ವಿಕ್ಟೋರಿಯಾ ರಾಜ್ಯ ನೇರವಾಗಿ ಟಿವಿಗೇ ಹೋಗಿತ್ತು. ಬೆನ್ನು ನೋಯುತ್ತಿದ್ದರೆ ಮಲಗಬೇಡಿ, ಓಡಾಡಿ, ಕೆಲಸಕ್ಕೆ ಮರಳಿ ಎಂದು ವೈದ್ಯರೂ ಪ್ರಸಿದ್ಧರೂ ಜಾಹೀರಾತಿನಲ್ಲಿ ಹೇಳಿದರು. ಜನರ ನಂಬಿಕೆ ಬದಲಾಯಿತು, ವೈದ್ಯರದೂ ಬದಲಾಯಿತು, ಬೆನ್ನುನೋವಿನ ಪರಿಹಾರ ಅರ್ಜಿಗಳು ಶೇ. 15ಕ್ಕೂ ಹೆಚ್ಚು ಇಳಿದವು. ಪೋಲಿಯೋ ಹನಿಯ ವಿಷಯವನ್ನು ಮನೆಮನೆಗೆ ಮುಟ್ಟಿಸಿದ ಆಶಾ ಕಾರ್ಯಕರ್ತೆಯರು, ಸ್ತ್ರೀಶಕ್ತಿ ಸಂಘಗಳು ಇರುವ ನಮ್ಮ ಊರುಗಳಿಗೆ ಇದು ಅಸಾಧ್ಯವೇನಲ್ಲ. ಬಾಣಂತಿಯ ಮನೆಗೆ ಹೋದಾಗ ‘ಆ ಇಂಜೆಕ್ಷನ್ನಿಂದ ಬೆನ್ನು ಹಾಳಾಗುವುದಿಲ್ಲ’ ಎಂಬ ಒಂದು ಮಾತು ಸೇರಿಸಲು ಹೊಸ ಯೋಜನೆಯೂ ಬೇಡ.

ಜನರ ಕಪಾಟಿನಲ್ಲಿರುವ ಸೊಂಟದ ಬೆಲ್ಟಿನ ಬಗ್ಗೆಯೂ ಹೇಳಬೇಕು. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ಸೊಂಟನೋವಿಗೆ ಮೊದಲ ಬಾರಿ ಮಾರ್ಗಸೂಚಿ ಹೊರಡಿಸಿತು. ತಿಳಿವಳಿಕೆ, ವ್ಯಾಯಾಮ, ಮನಶ್ಶಾಸ್ತ್ರೀಯ ನೆರವು ಪಟ್ಟಿಯಲ್ಲಿವೆ. ಬೆಲ್ಟು, ಎಳೆತದ ಟ್ರ್ಯಾಕ್ಷನ್ ಮತ್ತು ಅಫೀಮು ವರ್ಗದ ಮಾತ್ರೆಗಳನ್ನು ವಾಡಿಕೆಯಾಗಿ ಬಳಸಬಾರದ ಚಿಕಿತ್ಸೆಗಳಲ್ಲಿ ಸೇರಿಸಲಾಗಿದೆ. ಜಗತ್ತಿನಲ್ಲಿ 2020ರ ಹೊತ್ತಿಗೆ 61.9 ಕೋಟಿ ಜನರಿಗೆ ಸೊಂಟನೋವು ಇತ್ತೆಂಬ ಅಂದಾಜಿದೆ, ಬೆಲ್ಟಿನ ವ್ಯಾಪಾರ ಎಷ್ಟು ದೊಡ್ಡದೆಂದು ಊಹಿಸಿಕೊಳ್ಳಬಹುದು.

ಎಲ್ಲ ನೋವೂ ಹೆದರಿದ ನರಗಳದ್ದಲ್ಲ. ಸೊಂಟನೋವಿನ ಜೊತೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು, ನಮ್ಮ ದೇಶದಲ್ಲಿ ಅದನ್ನು ಮರೆಯುವಂತೆಯೇ ಇಲ್ಲ. ಕಾಲಿನ ಬಲ ಕುಂದುತ್ತಿದ್ದರೆ, ತೊಡೆಯ ಸಂದು ಜೋಮು ಹಿಡಿದಿದ್ದರೆ, ಮೂತ್ರ ಕಟ್ಟಿದರೆ ಅಥವಾ ತಾನಾಗಿ ಹೋಗುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬಿದ್ದು ಪೆಟ್ಟಾಗಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ ತಪಾಸಣೆ ತಪ್ಪಿಸಬಾರದು. ನೋವಿನ ಜೊತೆ ನಿದ್ದೆಗೆಟ್ಟು ಮನಸ್ಸು ಕುಗ್ಗಿದವರಿಗೆ 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇವಾವುದೂ ಇಲ್ಲದೆ, ಡಿಸ್ಕ್ ಸವೆದಿದೆ ಎಂಬ ವರದಿಯೊಂದು ಕೈಗೆ ಬಂದಿದ್ದರೆ, ಅದನ್ನು ಬೀರುವಿನಲ್ಲಿಡುವ ಮೊದಲು ವೈದ್ಯರನ್ನು ಎರಡು ಪ್ರಶ್ನೆ ಕೇಳಿ: ನನ್ನ ವಯಸ್ಸಿನ, ನೋವಿಲ್ಲದವರ ಬೆನ್ನಿನಲ್ಲೂ ಇದು ಕಾಣುತ್ತದೆಯೇ? ನಾನು ಯಾವ ಕೆಲಸವನ್ನು ಇವತ್ತಿನಿಂದಲೇ ಮತ್ತೆ ಶುರುಮಾಡಬಹುದು?